ಗುರುವಾರದ ಮಾಸ್ಟರ್ರು ಆಡಿದ ಆಟಗಳು

ಬಟ್ಟೆ ಹೊಲಿಯುವುದರಲ್ಲಿ ಮಾಸ್ಟರ್ರಿಗೆ ಸರಿಸಾಟಿ ಇಲ್ಲ ಎಂದು ಆ ಬೀದಿಯವರೆಲ್ಲ ಒಪ್ಪುತ್ತಾರೆ. ಹೊಲಿದದ್ದನ್ನು ಕೊಡುವುದರಲ್ಲಿ ಅವರಷ್ಟು ಕೆಟ್ಟವರು ಇಲ್ಲ ಎಂಬುದನ್ನೂ ಅಷ್ಟೇ ಒಮ್ಮತದಿಂದ ಒಪ್ಪುತ್ತಾರೆ. ಬಟ್ಟೆ ಕೊಟ್ಟವರು "ಯಾವಾಗ ಬರಲಿ ಮಾಸ್ಟ್ರೇ?" ಎಂದರೆ ಕೊರಳಿನ ಟೇಪನ್ನು ಸರಿಮಾಡಿಕೊಂಡು, ಕಣ್ಣು ಕಿರಿದು ಮಾಡಿ ಏನೋ ದೊಡ್ಡ ಲೆಕ್ಕ ಹಾಕಿದವರಂತೆ, "ಗುರುವಾರ ಬನ್ನಿ" ಎನ್ನುತ್ತಾರೆ. ಯಾವ ಗುರುವಾರ ಎಂದು ಅವರು ಹೇಳುವುದಿಲ್ಲ, ಮೊದಲ ಸಲ ಬಂದವರು ಕೇಳುವುದೂ ಇಲ್ಲ. ಹೀಗಾಗಿ ಅವರಿಗೆ ಗುರುವಾರದ ಮಾಸ್ಟರ್ರು ಎಂಬ ಹೆಸರು ಬಿತ್ತು. ಅಂಗಡಿಯ ಬೋರ್ಡಿನ ಮೇಲಿರುವ ಹೆಸರನ್ನು ಈಗ ಯಾರೂ ಓದುವುದಿಲ್ಲ.

ಹಾಗೆಂದು ಅವರನ್ನು ಸುಳ್ಳುಗಾರ ಎನ್ನಬೇಡಿ. ಸುಳ್ಳುಗಾರನಿಗೆ ತಾನು ಹೇಳುತ್ತಿರುವುದು ಸುಳ್ಳೆಂದು ಗೊತ್ತಿರುತ್ತದೆ. ಮಾಸ್ಟರ್ರು ಗುರುವಾರ ಎನ್ನುವಾಗ ಆ ಗುರುವಾರವನ್ನು ಮನಸಾರೆ ನಂಬಿರುತ್ತಾರೆ. ಅಂದು ತಾವು ಬೆಳಗ್ಗೆ ಬೇಗ ಎದ್ದು, ಟೀ ಅಂಗಡಿಯತ್ತ ತಲೆ ಹಾಕದೆ, ಪೇಪರು ಮುಟ್ಟದೆ, ಇಡೀ ರಾಶಿಯನ್ನು ಹೊಲಿದು ಬಿಸಾಕುವುದು ಅವರ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿರುತ್ತದೆ. ಗುರುವಾರ ಬಂದಾಗ ಮಾತ್ರ ಟೀ ಅಂಗಡಿಯೂ ಇರುತ್ತದೆ, ಪೇಪರೂ ಇರುತ್ತದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡು ಮಾಸ್ಟರ್ರು ಇನ್ನೊಂದು ಗುರುವಾರ ಹೇಳಿ ಕಳಿಸುತ್ತಾರೆ.

ಅಂಗಡಿಯಲ್ಲಿ ಕಾನೂನು ಒಂದೇ: ಅಳುವ ಮಗುವಿಗೆ ಹಾಲು. ಯಾರು ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಾರೋ ಅವರ ಬಟ್ಟೆ ಮೊದಲು ಮಷೀನು ಹತ್ತುತ್ತದೆ. ನಯವಾಗಿ ಮಾತಾಡುವವರು ಕಾಯಬೇಕು. ಇನ್ನು ಮನೆಯವರು, ನೆಂಟರು, ಬೇರೆ ದರ್ಜಿಯ ಹತ್ತಿರ ಹೋಗುವುದನ್ನು ಕನಸಿನಲ್ಲೂ ಯೋಚಿಸದವರು, ಅವರ ಬಟ್ಟೆ ಮೇಲಿನ ಕಪಾಟಿಗೆ ಹೋಗುತ್ತದೆ. ಆ ಕಪಾಟನ್ನು ಮುಟ್ಟಬೇಕಾದರೆ ಸ್ಟೂಲು ಬೇಕು, ಸ್ಟೂಲಿನ ಒಂದು ಕಾಲು ಮುರಿದು ಯಾವ ಕಾಲವಾಯಿತೋ.

ಆ ಕಪಾಟಿನಲ್ಲಿ ಅವರ ಅಕ್ಕ ಕೊಟ್ಟ ನೀಲಿ ಉಣ್ಣೆ ಬಟ್ಟೆ ಇತ್ತು. ಕೋಟು ಹೊಲಿದುಕೊಡು ಎಂದು ಕೊಟ್ಟು ಮೂರು ವರ್ಷವಾಗಿತ್ತು. ತಾಯಿ ತೀರಿಕೊಂಡಾಗ ಮಾಸ್ಟರ್ರು ಇನ್ನೂ ಚಡ್ಡಿ ಹಾಕುವ ಹುಡುಗ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಅಕ್ಕ ಅವರನ್ನು ಸಾಕಿದರು, ಶಾಲೆಯವರು ಕೈಚೆಲ್ಲಿದ ಮೇಲೆ ದರ್ಜಿಯೊಬ್ಬರ ಹತ್ತಿರ ಸೇರಿಸಿದರು, ಮದುವೆ ಮಾಡಿಸಿದರು. ಈಗ ನಿವೃತ್ತರಾಗಿ ಒಬ್ಬರೇ ಇದ್ದಾರೆ. ಅವರಿಗೆ ಚಳಿ ತಡೆಯುವುದಿಲ್ಲ, ಬಿಸಿಲಲ್ಲಿ ಕೂತರೂ ಮೈ ನಡುಗುತ್ತದೆ. ಹದಿನೈದು ದಿನಕ್ಕೊಮ್ಮೆ ತಮ್ಮನಿಗೆ ಫೋನು ಮಾಡಿ, ಹಳೆಯ ಆಪರೇಟರ್ ದನಿಯಲ್ಲಿ, "ನೀವು ಕೇಳಿದ ಕೋಟು ಸದ್ಯಕ್ಕೆ ವ್ಯಾಪ್ತಿ ಪ್ರದೇಶದ ಹೊರಗಿದೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಎನ್ನುತ್ತಾರೆ.

"ಗುರುವಾರ ಅಕ್ಕ, ಖಂಡಿತ" ಎನ್ನುತ್ತಾರೆ ಮಾಸ್ಟರ್ರು.

"ಪರವಾಗಿಲ್ಲ ಬಿಡೋ. ನನ್ನ ಹೆಣಕ್ಕೆ ಹಾಕೋಷ್ಟೊತ್ತಿಗಾದ್ರೂ ಗುಂಡಿ ಹಚ್ಚಿರು" ಎನ್ನುತ್ತಾರೆ ಅಕ್ಕ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಮೂರು ವರ್ಷದಿಂದ ಇದೇ ನಡೆದಿತ್ತು.

ಮಾಸ್ಟರ್ರು ಕಾಲು ಮುರಿದುಕೊಂಡ ಕಥೆ ಬೀದಿಗೆಲ್ಲ ಗೊತ್ತಿದ್ದದ್ದೇ. ವಕೀಲೆಯೊಬ್ಬರು ತಮ್ಮ ಕರಿ ಗೌನಿಗಾಗಿ ಐದನೇ ಸಲ ಬರುತ್ತಿರುವುದು ಗಾಜಿನ ಬಾಗಿಲಲ್ಲಿ ಕಂಡಿತು. ಗೌನು ಇನ್ನೂ ಕತ್ತರಿಯನ್ನೇ ನೋಡಿರಲಿಲ್ಲ. ಮಾಸ್ಟರ್ರು ಹಿಂಬಾಗಿಲಿನಿಂದ ನುಸುಳಿ ಕಾಂಪೌಂಡು ಗೋಡೆ ಹತ್ತಿದರು. ಹತ್ತಿದ್ದು ಸರಿಯಾಗಿಯೇ ಹತ್ತಿದರು, ಇಳಿದದ್ದು ಮಾತ್ರ ಬಲಗಾಲಿನ ಮೇಲೆ. ಕಿರುಚಿದ್ದು ಕೇಳಿ ಮೊದಲು ಓಡಿ ಬಂದವರು ವಕೀಲೆಯೇ. ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಾರಿಯುದ್ದಕ್ಕೂ ಅವರು ಗೌನಿನ ವಿಷಯ ಎತ್ತಲಿಲ್ಲ. ಅದು ಮಾಸ್ಟರ್ರಿಗೆ ಕಾಲಿಗಿಂತ ಹೆಚ್ಚು ನೋವು ಕೊಟ್ಟಿತು.

ಡಾಕ್ಟರು ಪಾದದಿಂದ ಮೊಣಕಾಲಿನವರೆಗೆ ಪ್ಲಾಸ್ಟರು ಬಿಗಿದು, ಆರು ವಾರ ಪೆಡಲು ತುಳಿಯಬಾರದು ಎಂದರು. ಬದುಕಿನಲ್ಲಿ ಮೊದಲ ಬಾರಿಗೆ ಮಾಸ್ಟರ್ರಿಗೆ ನಿಜವಾದ ಕಾರಣವೊಂದು ಸಿಕ್ಕಿತ್ತು. ಎಕ್ಸ್‌ರೇಯ ಫೋಟೋ ತೆಗೆದು ಗಿರಾಕಿಗಳಿಗೆಲ್ಲ ಕಳಿಸಿದರು. "ಯಾರ ಕಾಲು ಮಾಸ್ಟ್ರೇ ಇದು?" ಎಂದು ಒಬ್ಬರು ಕೇಳಿದರು. "ಕಳೆದ ವರ್ಷ ಅತ್ತೆ ಸತ್ರು ಅಂದಿದ್ರಿ, ಅವರ ಎಕ್ಸ್‌ರೇನಾ?" ಎಂದು ಇನ್ನೊಬ್ಬರು ಕೇಳಿದರು. ತೋಳ ಬಂತು ತೋಳ ಎಂದು ಕೂಗಿದವನಿಗೆ ಆದ ಗತಿಯೇ ಆಯಿತು. ಅಂಗಡಿಯ ಕೀಲಿಯನ್ನು ಅವರ ಮನೆಯಾಕೆ ತೆಗೆದುಕೊಂಡರು. ಬಂದವರಿಗೆಲ್ಲ ಆಕೆ "ನಿಮ್ಮ ಬಟ್ಟೆ ಇನ್ನೂ ಕತ್ತರಿಸೇ ಇಲ್ಲ, ಎರಡು ತಿಂಗಳು ಆಗುತ್ತೆ" ಎಂದು ನೇರವಾಗಿ ಹೇಳತೊಡಗಿದರು. ಆ ಅಂಗಡಿಯಲ್ಲಿ ಅಂಥ ಮಾತು ಕೇಳಿಯೇ ಗೊತ್ತಿಲ್ಲದ ಗಿರಾಕಿಗಳು ತಲೆಯಾಡಿಸಿ ಹೋಗುತ್ತಿದ್ದರು.

ಮಾಸ್ಟರ್ರು ಮನೆಯ ಮುಂಗೋಣೆಯಲ್ಲಿ ಕಾಲು ಚಾಚಿಕೊಂಡು ಟಿವಿಯ ಎದುರು ಉಳಿದರು. ಟಿವಿಯ ಕೆಳಗೆ ಮಗಳ ಗೇಮಿನ ಡಬ್ಬಿ ಇತ್ತು. ಮಗಳಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಸೂಜಿ ಹಿಡಿಯುವುದು ಮನೆತನದ ಕಸುಬು ಎಂದು ಅವಳೇ ತಮಾಷೆ ಮಾಡುತ್ತಾಳೆ. ಬೆಳಗಿನಿಂದ ಜನರಿಗೆ ಚುಚ್ಚಿ ಚುಚ್ಚಿ ಸಾಕಾಗಿ ಮಧ್ಯಾಹ್ನ ಮನೆಗೆ ಬಂದವಳು ಒಂದೆರಡು ಗಂಟೆ ಆಟ ಆಡದಿದ್ದರೆ ಯಾರೊಡನೆಯೂ ಮಾತಾಡುವುದಿಲ್ಲ. ಅಪ್ಪ ಮೂರನೇ ದಿನವೇ ಎಲ್ಲರ ಮೇಲೆ ಹರಿಹಾಯತೊಡಗಿದಾಗ, ಅವಳು ಅದರ ಕಂಟ್ರೋಲರನ್ನು ಅವರ ಕೈಗೆ ತುರುಕಿದಳು.

"ಇದನ್ನ ಆಡು. ನಮ್ಮನ್ನ ಬಿಡು" ಎಂದಳು.

ಮೊದಲು ಹಾಕಿದ್ದು ಕಾರಿನ ರೇಸು. ಮಾಸ್ಟರ್ರು ಮೂರು ಸುತ್ತು ಹೊಡೆದು, ನಾಲ್ಕು ಕಡೆ ಗುದ್ದಿ, ಕೊನೆಯವರಾಗಿ ಬಂದು, ತೀರ್ಪು ಕೊಟ್ಟರು: "ಹೊರಟ ಜಾಗಕ್ಕೇ ವಾಪಸ್ ಬರೋದಾದ್ರೆ ಹೋಗಿದ್ದಾದ್ರೂ ಯಾಕೆ? ಇದು ಗಿರಾಕಿಗಳ ಆಟ. ಬರ್ತಾರೆ, ಸುತ್ತು ಹಾಕ್ತಾರೆ, ಬರಿಗೈಲಿ ಹೋಗ್ತಾರೆ."

ಎರಡನೆಯದು ಯುದ್ಧದ ಆಟ. ಅದರಲ್ಲಿ ಅವರು ಒಬ್ಬನನ್ನೂ ಕೊಲ್ಲಲಿಲ್ಲ. ವೈರಿ ಸೈನಿಕನ ಹಿಂದೆ ಹಿಂದೆಯೇ ಹೋಗಿ ಅವನ ಅಂಗಿಯ ಬೆನ್ನನ್ನು ನೋಡುತ್ತಿದ್ದಾಗ ಇನ್ನೊಬ್ಬ ಬಂದು ಇವರನ್ನೇ ಮುಗಿಸಿದ. "ಭುಜದ ಹೊಲಿಗೆ ಎಲ್ಲಿದೆ ತೋರಿಸು" ಎಂದು ಮಗಳನ್ನು ದಬಾಯಿಸಿದರು. "ಬಂದೂಕು ಎತ್ತಿದ್ರೆ ಕಂಕುಳು ಎಳೀಬೇಕೋ ಬೇಡ್ವೋ? ಮೈಗೆ ಬಣ್ಣ ಬಳಿದು ಬಟ್ಟೆ ಅಂತಿದ್ದಾರೆ. ಬೆತ್ತಲೆ ಸೈನ್ಯ ಇದು." ಮೂರನೆಯದರಲ್ಲಿ ಮೇಲಿನಿಂದ ಬಣ್ಣಬಣ್ಣದ ತುಂಡುಗಳು ಬೀಳುತ್ತಿದ್ದವು. ಒಂದನ್ನು ಹೊಂದಿಸಿಡುವಷ್ಟರಲ್ಲಿ ಇನ್ನೊಂದು, ಅದನ್ನು ತಿರುಗಿಸುವಷ್ಟರಲ್ಲಿ ಮತ್ತೊಂದು. ಸ್ವಲ್ಪ ಹೊತ್ತಿಗೇ ರಾಶಿ ಸೂರು ಮುಟ್ಟಿತು. ಮಾಸ್ಟರ್ರ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. "ಆಫ್ ಮಾಡೇ! ಇದು ಆಟ ಅಲ್ಲ, ನನ್ನ ಅಂಗಡಿ" ಎಂದರು.

ನಾಲ್ಕನೆಯ ಆಟ ಅವರ ಬದುಕನ್ನೇ ಬದಲಿಸಿತು ಎಂದು ಅವರು ನಂಬಿದ್ದರು. ಅದೊಂದು ರಾಜ್ಯ. ಬೆಂಕಿ ಉಗುಳುವ ಡ್ರ್ಯಾಗನ್ ಒಂದು ರಾಜಧಾನಿಯ ಮೇಲೆ ಎರಗುವುದರಲ್ಲಿದೆ. ರಾಜ ಗಡ್ಡ ಕಿತ್ತುಕೊಳ್ಳುತ್ತ, "ವೀರನೇ, ತಡಮಾಡಬೇಡ! ಸೂರ್ಯ ಮುಳುಗುವುದರೊಳಗೆ ಹೋಗು!" ಎಂದು ಗೋಗರೆಯುತ್ತಾನೆ. ಆಟದ ಮಾತೆಲ್ಲ ಇಂಗ್ಲಿಷಿನಲ್ಲಿ, ಮಗಳು ಕನ್ನಡದಲ್ಲಿ ಹೇಳುತ್ತಿದ್ದಳು. ಮಾಸ್ಟರ್ರು ರಾಜನಿಗೆ "ಆಯ್ತು ಸ್ವಾಮಿ" ಎಂದು ಹೇಳಿ, ಅರಮನೆಯಿಂದ ಹೊರಬಿದ್ದು, ಹೊಳೆಯ ದಂಡೆಯಲ್ಲಿ ಮೀನು ಹಿಡಿಯಲು ಕೂತರು.

"ಅಪ್ಪಾ, ಅಲ್ಲಿ ಊರು ಸುಡುತ್ತೆ!"

"ನೋಡೋಣ, ಸುಡಲಿ."

ಊರು ಸುಡಲಿಲ್ಲ. ಮಾಸ್ಟರ್ರು ಮೀನು ಹಿಡಿದರು, ಅಣಬೆ ಕಿತ್ತರು, ಕುದುರೆ ಕೊಂಡರು, ಆ ಕುದುರೆಯ ಮೇಲೆ ಹಿಮದ ಬೆಟ್ಟಕ್ಕೆ ಹೋಗಿ ಬಂದರು. ಆಟದ ಲೆಕ್ಕದಲ್ಲಿ ಮೂರು ವಾರ ಕಳೆದು ಅರಮನೆಯತ್ತ ಬಂದರೆ ರಾಜ ಅಲ್ಲೇ ಗಡ್ಡ ಹಿಡಿದು ನಿಂತಿದ್ದ. ಡ್ರ್ಯಾಗನ್ ಅದೇ ಮೋಡದ ಹಿಂದೆ ಎರಗುವ ಭಂಗಿಯಲ್ಲೇ ಇತ್ತು. ಒಂದು ಮನೆಯ ಸೂರೂ ಕಪ್ಪಾಗಿರಲಿಲ್ಲ. "ಬಂದೆಯಾ ವೀರನೇ!" ಎಂದು ರಾಜ ಖುಷಿಯಲ್ಲಿ ಅತ್ತುಬಿಟ್ಟ. ಯಾಕೆ ತಡವಾಯಿತು ಎಂದು ಕೇಳಲೂ ಇಲ್ಲ.

ಮಾಸ್ಟರ್ರ ಕಣ್ಣು ತೇವವಾಯಿತು. ಇಷ್ಟು ವರ್ಷ ತಾವು ಬಾಯಿಬಿಟ್ಟು ಹೇಳಲಾಗದ್ದನ್ನು ಯಾರೋ ಪುಣ್ಯಾತ್ಮ ಆಟವಾಗಿ ಮಾಡಿಟ್ಟಿದ್ದಾನೆ. "ಇದನ್ನ ಮಾಡಿದವನು ದರ್ಜಿಯ ಮಗನೇ ಇರಬೇಕು" ಎಂದರು. ಫೋನಿನಲ್ಲಿ ಸಿಕ್ಕಿದವರಿಗೆಲ್ಲ ಈ ಕಥೆ ಹೇಳಿದರು. ಅಕ್ಕನಿಗೂ ಹೇಳಿದರು: "ನೋಡಕ್ಕ, ರಾಜನೇ ಕಾಯ್ತಾನೆ. ಅಂಥಾ ಹಲ್ಲಿ, ರೆಕ್ಕೆ ಇರೋದು, ಬೆಂಕಿ ಉಗುಳೋದು, ಅದೂ ಕಾಯುತ್ತೆ. ನಮ್ಮ ಜನಕ್ಕೆ ಮಾತ್ರ ಏನೋ ಹೋಗೋ ಅವಸರ."

"ನಾನು ಕಾಯ್ತಿಲ್ವೇನೋ? ಹಲ್ಲಿಗಿಂತ ಚೆನ್ನಾಗಿ ಕಾಯ್ತಿದ್ದೀನಿ" ಎಂದರು ಅಕ್ಕ. ಅಂದೂ ಇಬ್ಬರೂ ನಕ್ಕರು. ನಗುವಿನ ನಡುವೆ ಅಕ್ಕನಿಗೆ ಕೆಮ್ಮು ಬಂದು ಫೋನಿಟ್ಟರು.

ಹಲ್ಲಿಯನ್ನು ಕೊಂದ ಮೇಲೆ ಮಾಸ್ಟರ್ರು ಇನ್ನೊಂದು ಆಟ ಕೇಳಿದರು. "ಗಲಾಟೆ ಇಲ್ಲದ್ದು, ಆರಾಮಾಗಿರೋದು" ಎಂದರು. ಮಗಳು ಕೆರೆಯ ಪಕ್ಕದ ಹಳ್ಳಿಯೊಂದರ ಆಟ ಹಾಕಿಕೊಟ್ಟಳು. ಕುರಿ ಸಾಕುವುದು, ತರಕಾರಿ ಬೆಳೆಯುವುದು, ಊರಿನವರು ಕೇಳಿದ್ದನ್ನು ಮಾಡಿಕೊಡುವುದು, ರಾತ್ರಿ ಹಾಸಿಗೆಯಲ್ಲಿ ಮಲಗಿದರೆ ಒಂದು ದಿನ ಮುಗಿಯುವುದು. ಮಗಳು ಲ್ಯಾಬಿಗೆ ಹೋದಾಗ ಓದಿ ಹೇಳುವವರಿರಲಿಲ್ಲ. ಯಾರು ಏನು ಕೇಳಿದರೂ ಮಾಸ್ಟರ್ರು ಹೂಂ ಎನ್ನುವ ಗುಂಡಿ ಒತ್ತುತ್ತ ಹೋದರು. ಎರಡೇ ದಿನದಲ್ಲಿ ಇಡೀ ಹಳ್ಳಿ ಅವರ ಗಿರಾಕಿಯಾಯಿತು.

ಅಲ್ಲಿ ದೋಣಿಯವನೊಬ್ಬ ಇದ್ದ. ಟೋಪಿ ಬೇಕೆಂದು ತಲೆಯ ಮೇಲೆ ಕೆಂಪು ಗುರುತು ಹಾಕಿಕೊಂಡು ಕುಣಿಯುತ್ತಿದ್ದ. ಮಾಸ್ಟರ್ರು ಇದ್ದ ಉಣ್ಣೆಯನ್ನೆಲ್ಲ ಅವನ ಟೋಪಿಗೆ ಸುರಿದರು. ಅವನ ಬಾಯಿ ಮುಚ್ಚಿದ ಮೇಲೆ ಅಂಗಡಿಯವಳು ಕುಣಿದಳು, ಅವಳಿಗೆ ಕೈಚೀಲ. ಕೆರೆಯ ಆಚೆ ದಡದಲ್ಲಿ ಒಬ್ಬಳು ಅಜ್ಜಿ ಇದ್ದಳು. ಮೊದಲ ದಿನ ಅವಳ ಮಾತನ್ನು ಮಗಳೇ ಓದಿ ಹೇಳಿದ್ದಳು: "ಚಳಿಗಾಲ ಬರೋದ್ರೊಳಗೆ ನಂಗೊಂದು ಹೊದಿಕೆ ಮಾಡ್ಕೊಡ್ತೀಯಾ ಮಗು?" ಮಾಸ್ಟರ್ರು ಟಿವಿಗೇ "ಗುರುವಾರ ಬಾರಮ್ಮ" ಎಂದಿದ್ದರು. ಅವಳ ತಲೆಯ ಮೇಲೆ ಯಾವ ಗುರುತೂ ಇರಲಿಲ್ಲ. ಮತ್ತೊಮ್ಮೆ ಕೇಳಲೂ ಇಲ್ಲ. ಇವರು ಆ ಕಡೆ ಹಾದುಹೋದಾಗಲೆಲ್ಲ ಕೈಬೀಸಿ ಒಂದು ಹಣ್ಣು ಕೊಡುತ್ತಿದ್ದಳು. ಮಾಸ್ಟರ್ರು ಹಣ್ಣು ತೆಗೆದುಕೊಂಡು ಮುಂದೆ ಹೋಗುತ್ತಿದ್ದರು.

ಹಿಮ ಬಿದ್ದ ಮೇಲೆ ಅವರಿಗೆ ಹೊದಿಕೆಯ ನೆನಪಾಯಿತು. ನೆನಪಾದದ್ದೇ ದೊಡ್ಡದು ಎಂದುಕೊಂಡು ಉಣ್ಣೆ ಕತ್ತರಿಸಿ ಹೊದಿಕೆ ಮಾಡಿದರು. ಅಂಚಿಗೆ ಕೆಂಪು ಪಟ್ಟಿ ಬೇರೆ. ಮಗಳು ಅಷ್ಟರಲ್ಲಿ ಲ್ಯಾಬಿನಿಂದ ಬಂದು ಪಕ್ಕದಲ್ಲಿ ಕೂತು ಉಣ್ಣುತ್ತಿದ್ದಳು. ಅಜ್ಜಿಯ ಮನೆಯ ಬಾಗಿಲು ಮುಚ್ಚಿತ್ತು. ಎಷ್ಟು ಒತ್ತಿದರೂ ತೆರೆಯಲಿಲ್ಲ. ಟೋಪಿ ಹಾಕಿಕೊಂಡ ದೋಣಿಯವನು ಬಂದು ಏನೋ ಹೇಳಿದ.

"ಏನಂತೆ?"

ಮಗಳು ಅಗಿಯುವುದನ್ನು ನಿಲ್ಲಿಸಿದಳು. "ಅಜ್ಜಿ ತೀರ್ಕೊಂಡ್ರಂತೆ. ಮೊದಲ ಹಿಮ ಬಿದ್ದ ದಿನ. ನಿಂಗೆ ಗೊತ್ತಿರ್ಲಿಲ್ವಾ ಅಂತ ಕೇಳ್ತಿದ್ದಾನೆ."

"ಹಿಂದಕ್ಕೆ ಹಾಕು."

"ಆಗಲ್ಲಪ್ಪ. ಮಲಗಿದ ಮೇಲೆ ಆ ದಿನ ಮುಗೀತು. ಈ ಆಟದಲ್ಲಿ ಹಿಂದಕ್ಕೆ ಹೋಗೋಕಾಗಲ್ಲ."

"ಹಿಂದಕ್ಕೆ ಹಾಕೇ ಅಂದ್ರೆ!" ಮಾಸ್ಟರ್ರ ದನಿ ಏರಿತು. "ಅಂಥಾ ಹಲ್ಲಿ ಮೂರು ವಾರ ಕಾಯ್ತು! ಈ ಮುದುಕಿಗೆ ನಾಲ್ಕು ದಿನ ತಡ್ಕೊಳೋಕೆ ಆಗ್ಲಿಲ್ವಾ? ಹೊದಿಕೆ ತಂದಿದ್ದೀನಿ, ಕೈಲೇ ಇದೆ, ನೋಡು!"

"ಹಲ್ಲಿಗೆ ವಯಸ್ಸಾಗಲ್ಲಪ್ಪ" ಎಂದಳು ಮಗಳು.

ಮಾಸ್ಟರ್ರು ಹೊದಿಕೆಯನ್ನು ದೋಣಿಯವನಿಗೆ ಕೊಡಲು ನೋಡಿದರು, ಅಂಗಡಿಯವಳಿಗೆ ಕೊಡಲು ನೋಡಿದರು. ಆಟ ಬಿಡಲಿಲ್ಲ. ಅದು ಅಜ್ಜಿಯದು, ಬೇರೆ ಯಾರಿಗೂ ಆಗುವುದಿಲ್ಲ ಎಂದು ತೆರೆಯ ಮೇಲೆ ಬರೆದು ಬಂತು. ಆಟ ಮಾಡಿದವನಿಗೆ ಬಾಯಿಗೆ ಬಂದ ಹಾಗೆ ಬೈದರು. ಅವನು ದರ್ಜಿಯ ಮಗನಲ್ಲ, ಗಿರಾಕಿಯ ಮಗ ಎಂದರು. ಬೈದು ಮುಗಿದ ಮೇಲೆ ಕಂಟ್ರೋಲರನ್ನು ಕೆಳಗಿಟ್ಟರು. ಆಮೇಲೆ ಕೇಳಿದರು:

"ನಿಮ್ಮತ್ತೆಗೆ ಈಗ ಎಷ್ಟು ವಯಸ್ಸು?"

"ಎಪ್ಪತ್ತಮೂರು."

"ಸುಳ್ಳು ಹೇಳಬೇಡ" ಎಂದರು ಮಾಸ್ಟರ್ರು. ಅವರ ಮನಸ್ಸಿನಲ್ಲಿ ಅಕ್ಕ ಎಂದೂ ಐವತ್ತು ದಾಟಿರಲಿಲ್ಲ. ಬೆರಳಲ್ಲಿ ಲೆಕ್ಕ ಹಾಕಿ ನೋಡಿದರು, ಮಗಳ ಮಾತೇ ಸರಿಯಾಗಿತ್ತು. ಆ ಕೆಮ್ಮು ಎಷ್ಟು ದಿನದಿಂದ ಇದೆ ಎಂದು ತಾವು ಒಮ್ಮೆಯೂ ಕೇಳಿಲ್ಲ ಎಂಬುದು ಆಗ ಹೊಳೆಯಿತು. ಮನೆಯಾಕೆಯನ್ನು ಕೂಗಿ ಕರೆದರು.

ಅಂದೇ ಮನೆಯಾಕೆ ಅಂಗಡಿಯ ಕಪಾಟಿನಿಂದ ನೀಲಿ ಬಟ್ಟೆಯನ್ನು ಇಳಿಸಿ ತಂದರು. ಮಂಚದ ಕೆಳಗಿದ್ದ ಕೈಮಷೀನನ್ನು ಎಳೆದು ಊಟದ ಮೇಜಿನ ಮೇಲಿಟ್ಟರು. ಪೆಡಲು ತುಳಿಯುವುದಕ್ಕೆ ತಾನೇ ಡಾಕ್ಟರ ಅಡ್ಡಿ? ಮಗಳು ಪಕ್ಕದಲ್ಲಿ ನಿಂತು ಚಕ್ರ ತಿರುಗಿಸಿದಳು, ಮಾಸ್ಟರ್ರು ಬಟ್ಟೆ ನಡೆಸಿದರು. ಕೋಟಿನ ಭುಜ ಕೂರಿಸುವಾಗ "ನಿಧಾನ ತಿರುಗಿಸೇ, ಇದೇನು ನಿನ್ನ ಕಾರಿನ ರೇಸಾ" ಎಂದು ಗದರಿದರು. ಊಟಕ್ಕೆ ಮೇಜಿಲ್ಲದೆ ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

"ಏನ್ರೀ, ಕೋಟು ಅಂದ್ಮೇಲೆ ಒಂದು ಸಲ ಹಾಕಿ ನೋಡೋದು ಬೇಡ್ವಾ? ಅಳತೆನಾದ್ರೂ ಫೋನ್ ಮಾಡಿ ಕೇಳಿ" ಎಂದರು ಮನೆಯಾಕೆ.

"ಅಕ್ಕನ ಅಳತೆ ನಾನು ಕೇಳಬೇಕಾ? ಕಣ್ಣು ಮುಚ್ಚಿ ಕತ್ತರಿಸ್ತೀನಿ" ಎಂದರು ಮಾಸ್ಟರ್ರು.

ಕೋಟು ಬುಧವಾರ ಮುಗಿಯಿತು. ಗುರುವಾರಕ್ಕಿಂತ ಒಂದು ದಿನ ಮೊದಲು ಬಟ್ಟೆ ಮುಗಿದದ್ದು ಅವರ ಕಸುಬಿನಲ್ಲೇ ಅದು ಮೊದಲು. ವಕೀಲೆಗೆ ಗೊತ್ತಾದರೆ ಕೇಸು ಹಾಕುತ್ತಾರೆ ಎಂದು ಮಗಳು ಹೆದರಿಸಿದಳು. ಇಸ್ತ್ರಿ ಮಾಡಿ, ಮಡಚಿ, ಮಗಳ ಜೊತೆ ಆಟೋದಲ್ಲಿ ಕೂತು, ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು ಮಾಸ್ಟರ್ರು ಅಕ್ಕನ ಮನೆಯ ಬಾಗಿಲು ತಟ್ಟಿದರು.

ಬಾಗಿಲು ತೆರೆದ ಅಕ್ಕ ಮೊದಲು ಪ್ಲಾಸ್ಟರು ನೋಡಿದರು, ಆಮೇಲೆ ಕೋಟು ನೋಡಿದರು. "ಕಾಲು ಮುರಿದ್ರೆ ನಿನ್ನ ಕೈ ಓಡುತ್ತೆ ಅಂತ ಗೊತ್ತಿದ್ರೆ ನಾನೇ ಎಂದೋ ಮುರೀತಿದ್ನಲ್ಲೋ" ಎಂದರು. ಮೈಮೇಲೆ ಒಂದರ ಮೇಲೊಂದು ಹೊದ್ದಿದ್ದ ಎರಡು ಶಾಲುಗಳನ್ನು ತೆಗೆದು ಕುರ್ಚಿಯ ಮೇಲೆ ಹಾಕಿ, ಕೋಟಿಗೆ ಕೈ ತೂರಿಸಿದರು.

ಭುಜದ ಹೊಲಿಗೆ ತೋಳಿನ ಮೇಲೆ ಇಳಿಯಿತು. ಕೈಬೆರಳುಗಳು ಕಾಣಲಿಲ್ಲ. ಮುಂದಿನ ಎರಡು ಅಂಚುಗಳನ್ನು ಸೇರಿಸಿದರೆ ಒಳಗೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಉಳಿಯಿತು. ಮಗಳು ಕಿಟಕಿಯ ಕಡೆ ತಿರುಗಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಾಸ್ಟರ್ರು, "ಬಟ್ಟೆ ಹಿಗ್ಗಿದೆ ಅಕ್ಕ" ಎಂದರು.

"ಹೂಂ ಕಣೋ. ಮೂರು ವರ್ಷ ಕಪಾಟಲ್ಲಿ ಮಲಗಿ ಮಲಗಿ ದೊಡ್ಡದಾಗಿದೆ" ಎಂದರು ಅಕ್ಕ.

ಮಾಸ್ಟರ್ರು ಕೊರಳಿನ ಟೇಪು ತೆಗೆದು ಅಕ್ಕನ ಬೆನ್ನಿಗೆ ಹಿಡಿದರು. ಭುಜದಿಂದ ಭುಜಕ್ಕೆ ಓದಿದರು. ನಂಬಿಕೆ ಬಾರದೆ ಇನ್ನೊಮ್ಮೆ ಓದಿದರು. ಇವರನ್ನು ಹೊತ್ತುಕೊಂಡು ಮಳೆಯಲ್ಲಿ ಶಾಲೆಗೆ ಬಿಟ್ಟು ಬರುತ್ತಿದ್ದ ಭುಜ ಅದು. ಈಗ ಬೆರಳಿಗೆ ಮೂಳೆಯೇ ಸಿಗುತ್ತಿತ್ತು. ತಪ್ಪು ಕತ್ತರಿಯದಲ್ಲ ಎಂದು ಅವರಿಗೆ ಅರ್ಥವಾಯಿತು. ಮೂರು ವರ್ಷ ಹಿಂದೆ ಹೊಲಿದಿದ್ದರೆ ಈ ಕೋಟು ಸರಿಯಾಗಿ ಕೂರುತ್ತಿತ್ತು. ಮಾಸ್ಟರ್ರಿಗೆ ಭಯವಾಯಿತು. ಗೋಡೆಯಿಂದ ಬಿದ್ದಾಗಲೂ ಅಷ್ಟು ಭಯವಾಗಿರಲಿಲ್ಲ.

"ಬಿಚ್ಚು ಅಕ್ಕ. ತಗೊಂಡ್ಹೋಗಿ ಸರಿಮಾಡಿ ತರ್ತೀನಿ."

"ಯಾವಾಗ?"

ಮಾಸ್ಟರ್ರು ಬಾಯಿ ತೆರೆದರು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡರು.

"ಇವತ್ತೇ. ಸೂಜಿ ದಾರ ಇದ್ರೆ ಕೊಡು, ಇಲ್ಲೇ ಕೂತ್ಕೋತೀನಿ" ಎಂದರು.

ಮಗಳು ನೀಲಿ ದಾರ ತರಲು ಅಂಗಡಿಗೆ ಓಡಿದಳು. ಅಕ್ಕ ಟೀ ಕಾಸಿ ತಂದರು. ಮಾಸ್ಟರ್ರು ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಅಕ್ಕನನ್ನು ಎದುರಿಗೆ ನಿಲ್ಲಿಸಿ ಕೋಟನ್ನು ಅವರ ಮೈಮೇಲೆಯೇ ಒಳಕ್ಕೆ ಹಿಡಿಯುತ್ತ ಬಂದರು. ಅಕ್ಕ "ಚುಚ್ಚಬೇಡ ಕಣೋ ಮುಂಡೇದೇ" ಎಂದು ಪ್ರತಿ ಸೂಜಿಗೂ ಬೈದರು. ಆಮೇಲೆ ಶಾಲು ಹೊದ್ದು ಎದುರಿಗೆ ಕೂತು ಕೇಳಿದರು:

"ಅದೇನೋ ಹೊಸ ಆಟ ಆಡ್ತಿದ್ಯಂತಲ್ಲ. ಹೇಗಿತ್ತು?"

"ಚೆನ್ನಾಗಿರ್ಲಿಲ್ಲ."

"ಯಾಕೆ, ಏನಾಯ್ತು ಅದ್ರಲ್ಲಿ?"

"ಏನಿಲ್ಲ. ಚಳಿಗಾಲ ಬಂತು" ಎಂದು ಮಾಸ್ಟರ್ರು ತಲೆ ತಗ್ಗಿಸಿ ಭುಜದ ಹೊಲಿಗೆ ಬಿಚ್ಚತೊಡಗಿದರು.

ಎರಡೂ ಕಡೆ ಹಿಡಿದ ಮೇಲೆ ಒಳಗೆ ಹಿಡಿಯಷ್ಟು ಬಟ್ಟೆ ಹೆಚ್ಚಾಗಿ ನಿಂತಿತು. ಅಕ್ಕ ಕತ್ತರಿಯನ್ನು ಅವರ ಕಡೆ ಸರಿಸಿದರು.

"ಅಷ್ಟನ್ನೂ ಕತ್ತರಿಸಿ ಹಾಕು, ಒಳಗಿದ್ರೆ ಭಾರ."

"ಇರಲಿ ಬಿಡಕ್ಕ."

"ಯಾಕೋ? ನಾನೇನು ಇನ್ನು ಬೆಳೀತೀನಾ?"

ಮಾಸ್ಟರ್ರು ಬೆಳೆಯುವ ಮಕ್ಕಳ ಬಟ್ಟೆಗೆ ಬಿಡುವ ಹಾಗೆ, ಹೆಚ್ಚಿನದನ್ನೆಲ್ಲ ಒಳಕ್ಕೆ ಮಡಚಿ, ಒಂದು ಎಳೆಯನ್ನೂ ಕತ್ತರಿಸದೆ ಕೈಹೊಲಿಗೆ ಹಾಕುತ್ತ ಹೋದರು.